ಒಂದು ತಾಸು ಹತ್ತು ನಿಮಿಷ

ಸರಸಂಬಾದ ಹಣಮವ್ವನಿಗೆ ಕುರಿಯ ವಿಷಯದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಂಡವರು ಆಳಂದದ ಸಂತೆಯಲ್ಲಿ ಇನ್ನೂ ಹುಟ್ಟಿಲ್ಲ. ವ್ಯಾಪಾರಿ ಎಷ್ಟೇ ಬಾಯಿ ಮಾಡಲಿ, ಗುಡ್ಡದಲ್ಲಿ ತಿರುಗಾಡಿ ಮೇದ ಮಾಲು ಎಂದು ಎಷ್ಟೇ ಆಣೆ ಇಡಲಿ, ಅವಳು ಮಾತಿಗೆ ಮಾತು ಬೆಳೆಸುವುದಿಲ್ಲ. ಕುರಿಯನ್ನು ಮೊಣಕಾಲುಗಳ ನಡುವೆ ಒತ್ತಿ ಹಿಡಿದು, ಹಿಂಗಾಲು ಎತ್ತಿ, ಗೊರಸಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸುತ್ತಾಳೆ. ಕಲ್ಲುನೆಲದಲ್ಲಿ ನಡೆದ ಗೊರಸು ಸವೆದು ಗಟ್ಟಿಯಾಗಿರುತ್ತದೆ. ಕಟ್ಟಿಹಾಕಿ ಮೇವು ಕೊಟ್ಟ ಕುರಿಯದು ಉದ್ದ ಬೆಳೆದು ತುದಿಯಲ್ಲಿ ಮಡಚಿಕೊಂಡಿರುತ್ತದೆ. "ಇದು ಕುಂತಲ್ಲೇ ಕುಂತು ತಿಂದಾದ, ಸುಮ್ಮನ ಯಾಕ ದೇವರ ಆಣಿ ಮಾಡ್ತಿ" ಎಂದು ಕಾಲು ಬಿಟ್ಟುಬಿಡುತ್ತಾಳೆ. ವ್ಯಾಪಾರಿ ಮುಖ ಬೇರೆ ಕಡೆ ತಿರುಗಿಸುತ್ತಾನೆ.

ಹೀಗೆ ಗೊರಸು ಓದುವ ಹೆಂಗಸನ್ನು ಮನೆಯವರೆಲ್ಲ ಸೇರಿ ಇಪ್ಪತ್ತಮೂರು ದಿನ ಏಮಾರಿಸಿದರು. ಮಾಡಿದ್ದು ಅವಳ ಮೇಲಿನ ಪ್ರೀತಿಯಿಂದಲೇ ಅಂತೆ. ಕೇಳಿದರೆ ಈಗಲೂ ಅವರು ಹಾಗೇ ಹೇಳುತ್ತಾರೆ.

ಹಣಮವ್ವನಿಗೆ ಇರುವವಳು ಒಬ್ಬಳೇ ಮಗಳು, ಭುವನೇಶ್ವರಿ. ಅಫಜಲಪುರದ ಕಡೆ ಚೌಡಾಪುರಕ್ಕೆ ಕೊಟ್ಟಿದ್ದಾಳೆ. ಮದುವೆಯಾಗಿ ಆರು ವರ್ಷದಲ್ಲಿ ಎರಡು ಬಸಿರು ಇಳಿದುಹೋಗಿದ್ದವು. ಮೂರನೆಯದು ನಿಂತಾಗ ಹಣಮವ್ವ ಹತ್ತಿರದ ದೇವರುಗಳನ್ನು ಕೇಳಲು ಹೋಗಲಿಲ್ಲ. ಅವರಿಗೆಲ್ಲ ಮೊದಲಿನ ಎರಡು ಸಲ ಕೈಮುಗಿದು ಆಗಿತ್ತು. ಅಳಿಯನ ಮನೆದೇವರು ತಿರುಪತಿಯ ತಿಮ್ಮಪ್ಪ. ಆತನ ಫೋಟೋ ಮುಂದೆ ನಿಂತು, ಕೂಸು ಭೂಮಿಗೆ ಬೀಳುವುದರೊಳಗೆ ತನ್ನ ಮನೆಯ ಹೊಸ್ತಿಲಿಂದ ಅವನ ಗುಡ್ಡದ ತನಕ ಬರಿಗಾಲಲ್ಲಿ ನಡೆದು ಬರುತ್ತೇನೆ ಎಂದು ಹರಕೆ ಹೊತ್ತಳು. ಲೋಕದವರೆಲ್ಲ ಕೆಲಸ ಆದ ಮೇಲೆ ಹರಕೆ ತೀರಿಸುವವರು. ಇವಳು ಮಾತ್ರ ದೇವರಿಗೇ ಮುಂಗಡ ಕೊಡಲು ಹೊರಟಳು. ದೇವರು ಎರಡು ಸಲ ಕೈಕೊಟ್ಟ ಮೇಲೆ ಅವಳಿಗೆ ಬೇರೆ ದಾರಿ ತೋಚಿರಲಿಲ್ಲ.

ಹೊರಡಲು ಹತ್ತು ದಿನ ಉಳಿದಿರುವಾಗ, ಕುರಿ ಹಿಂದೆ ಓಡುತ್ತಾ ಹೊಲದ ಬದುವಿನಲ್ಲಿ ಕಾಲು ಹೊರಳಿ ಕಾಲ್ಗಿಣ್ಣು ಮುರಿಯಿತು. ಆಳಂದದಲ್ಲಿ ಪ್ಲಾಸ್ಟರ್ ಹಾಕಿ ಎರಡು ತಿಂಗಳು ನೆಲಕ್ಕೆ ಕಾಲೂರಬಾರದು ಎಂದರು. ಮಗಳಿಗೆ ಆಗ ಏಳು ತಿಂಗಳು. ಹಣಮವ್ವ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ದಿನಾ ಅತ್ತಳು. ನೋವಿಗಲ್ಲ. ಮಾತು ಕೊಟ್ಟವಳು ಕೂತುಬಿಟ್ಟಳಲ್ಲ, ಅದರ ಲೆಕ್ಕ ಕೂಸಿನ ಮೇಲೆ ಬಿದ್ದರೆ ಏನು ಗತಿ ಎಂದು.

ಆಗ ಬಂದವನು ತಮ್ಮ ಪರಮೇಶ. ಯಡ್ರಾಮಿಯಲ್ಲಿ ಅವನದೊಂದು ಪೈಪು, ಮೋಟರಿನ ಅಂಗಡಿ. ತಾಯಿ ತೀರಿಕೊಂಡಾಗ ಅವನಿಗೆ ಮೂರು ವರ್ಷ, ಅವಳಿಗೆ ಹದಿನಾಲ್ಕು. ಕುರಿ ಹಿಂಡಿನ ಜೊತೆ ಊರೂರು ಅಲೆಯುವಾಗ ಅವನನ್ನು ಕಂಕುಳಲ್ಲಿ ಹೊತ್ತು ನಡೆದವಳು ಅವಳು. ಎಡಗಡೆ ಸೊಂಟ ಇವತ್ತಿಗೂ ಸ್ವಲ್ಪ ವಾಲಿದೆ, ಅದು ಪರಮೇಶನ ಭಾರ ಎಂದು ನಗುತ್ತಿದ್ದಳು.

"ಅಕ್ಕಾ, ನೀ ಯಾಕ ಅಳಾಕತ್ತಿ?" ಎಂದ ಪರಮೇಶ. "ನೀ ನಡದರೇನು, ನಾ ನಡದರೇನು? ಒಂದೇ ಹೊಟ್ಟ್ಯಾಗ ಹುಟ್ಟಿದ ಕಾಲು. ನಾ ಹೋಗ್ತೇನಿ."

"ಬರಿಗಾಲಲೇ ಹೋಗಬೇಕೋ ತಮ್ಮಾ. ನಿನಗ ಚಪ್ಪಲಿ ಇಲ್ದ ಅಂಗಳಕ್ಕೂ ಇಳದು ರೂಢಿ ಇಲ್ಲ."

"ನನ್ನ ಹೊತಗೊಂಡು ಅಷ್ಟು ತಿರುಗೀದಿ. ನಿನ್ನ ಸಲುವಾಗಿ ಇಷ್ಟು ನಡ್ಯಾಕ ಆಗಂಗಿಲ್ಲೇನು ನನಗ?"

ಆ ಮಾತಿಗೆ ಅವಳು ಮತ್ತೆ ಅತ್ತಳು, ಈ ಸಲ ಸಂತೋಷಕ್ಕೆ. ಪರಮೇಶ ಮೊಬೈಲಿನಲ್ಲಿ ನೋಡಿ ಸರಸಂಬಾದಿಂದ ತಿರುಪತಿಗೆ ಆರುನೂರ ನಲವತ್ತು ಕಿಲೋಮೀಟರ್ ಚಿಲ್ಲರೆ ಎಂದ. ದಿನಕ್ಕೆ ಇಪ್ಪತ್ತೆಂಟರಂತೆ ಇಪ್ಪತ್ತಮೂರು ದಿನ. ಸಂಕ್ರಾಂತಿ ಮುಗಿದ ನಾಲ್ಕನೇ ದಿನ ಹಣೆಗೆ ಭಂಡಾರ ಹಚ್ಚಿಸಿಕೊಂಡು, ಹೆಗಲಿಗೆ ಅಕ್ಕನ ಕಂಬಳಿ ಹಾಕಿಕೊಂಡು, ಚಪ್ಪಲಿಯನ್ನು ಅವಳ ಮಂಚದ ಕೆಳಗೇ ಬಿಟ್ಟು ಹೊಸ್ತಿಲು ದಾಟಿದ. ಹಣಮವ್ವ ಕಿಟಕಿಯಿಂದ ಬಗ್ಗಿ, ಅವನು ತಿರುವಿನಲ್ಲಿ ಮರೆಯಾಗುವ ತನಕ ನೋಡಿದಳು.

ಅಂದಿನಿಂದ ಅವಳು ಒಪ್ಪತ್ತು ಹಿಡಿದಳು. ತಮ್ಮ ದಾರಿಯಲ್ಲಿ ಬಿಸಿಲು ತಿನ್ನುವಾಗ ತಾನು ಮನೆಯಲ್ಲಿ ಎರಡು ಹೊತ್ತು ಉಣ್ಣುವುದು ಹೇಗೆ? ಸಂಜೆ ಅವನ ಫೋನು ಬರಬೇಕು, ಇವತ್ತಿಗೆ ನಿಂತೆ ಅನ್ನಬೇಕು, ಆಮೇಲೆ ಒಂದು ರೊಟ್ಟಿ. ಮುರಿದ ಮೂಳೆ ಕೂಡಬೇಕಾದರೆ ಚೆನ್ನಾಗಿ ಉಣ್ಣಬೇಕು ಎಂದು ಮಗಳು ಫೋನಿನಲ್ಲಿ ಬೈದಳು. "ಅಂವ ಬರಲಿ, ಇಬ್ರೂ ಕೂಡಿ ಉಣ್ತೇವಿ" ಎಂದು ಇವಳು ಬಾಯಿ ಮುಚ್ಚಿಸಿದಳು.

ಫೋನು ತಪ್ಪದೆ ಬರುತ್ತಿತ್ತು. ಕಲಬುರಗಿ ದಾಟಿದೆ ಅಕ್ಕಾ. ಯಾದಗಿರಿಗೆ ಬಂದೆ ಅಕ್ಕಾ. ಇವತ್ತೂ ಇಪ್ಪತ್ತೆಂಟು ಕಿಲೋಮೀಟರ್ ಆಯಿತು. ಹುಟ್ಟಿದಾಗಿನಿಂದ ಹಿಂಡಿನ ಹಿಂದೆ ನಡೆದವಳಿಗೆ ಅಲ್ಲೊಂದು ಸಣ್ಣ ಮುಳ್ಳು ಚುಚ್ಚಿದ್ದು ನಿಜ. ನಡೆಯುವವನು ಕಿಲೋಮೀಟರ್ ಹೇಳುವುದಿಲ್ಲ. ನೀರು ಎಲ್ಲಿ ಸಿಕ್ಕಿತು, ಯಾವ ಊರಿನ ನಾಯಿ ಬೆನ್ನು ಹತ್ತಿತು, ಯಾರ ಕಟ್ಟೆಯ ಮೇಲೆ ಮಲಗಿದೆ, ಇದನ್ನು ಹೇಳುತ್ತಾನೆ. ಅದೂ ಅಲ್ಲದೆ ಯಾವ ಕಾಲೂ ದಿನಾ ಬರೋಬ್ಬರಿ ಇಪ್ಪತ್ತೆಂಟು ನಡೆಯುವುದಿಲ್ಲ. ಒಂದಿನ ಮೂವತ್ತು ಹೋದರೆ ಮರುದಿನ ಹದಿನೈದಕ್ಕೆ ಕೂತುಬಿಡುತ್ತದೆ.

ರಾಯಚೂರಿನ ಹತ್ತಿರ ಬಂದೆ ಎಂದ ದಿನ ಅವಳು ಕೇಳಿದಳು: "ಕೃಷ್ಣಾ ಹೊಳಿ ದಾಟಿದೇನೋ? ನೀರು ಎಷ್ಟದಾವ?"

"ಭಾಳ ಅದಾವ ಅಕ್ಕಾ. ದಂಡಿಗಿ ಹತ್ತಿ ಹರಿಯಾಕತ್ತಾವ."

ಅದೇ ಹೊತ್ತಿಗೆ ಫೋನಿನಲ್ಲಿ ಕುಕ್ಕರಿನ ಸೀಟಿ ಕೇಳಿಸಿತು. ರಸ್ತೆ ಬದಿಯ ಹೋಟೆಲಿನಲ್ಲಿ ಕೂತಿದ್ದೇನೆ ಎಂದ. ಇರಬಹುದು ಎಂದುಕೊಂಡಳು. ಕುರಿ ವ್ಯಾಪಾರಿಯಾಗಿದ್ದರೆ ಆಗಲೇ ಕಾಲೆತ್ತಿ ನೋಡುತ್ತಿದ್ದಳು. ಇವನು ತಮ್ಮ. ಅನುಮಾನ ಪಟ್ಟಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಬಡಿದುಕೊಂಡು, ಆವತ್ತು ರೊಟ್ಟಿಯನ್ನೂ ಅರ್ಧಕ್ಕೇ ಬಿಟ್ಟಳು.

ಇಪ್ಪತ್ತಮೂರು ದಿನ ತುಂಬಿ, ದರ್ಶನವೂ ಆಗಿ, ಇಪ್ಪತ್ತಾರನೇ ದಿನ ಪರಮೇಶ ಸರಸಂಬಾಕ್ಕೆ ಬಂದ. ಹೋಗುವಾಗ ನಡಿಗೆ, ಬರುವಾಗ ರೈಲು ಎಂದು ಮೊದಲೇ ಮಾತಾಗಿತ್ತು. ತಲೆ ಬೋಳಿಸಿದ್ದ, ಕೈಯಲ್ಲಿ ಲಾಡಿನ ಚೀಲ. ಬಸ್ಸು ಇಳಿದು ಬರಿಗಾಲಲ್ಲೇ ಅಂಗಳಕ್ಕೆ ಬಂದು ನಿಂತ. ಹಣಮವ್ವ ಗೋಡೆ ಹಿಡಿದುಕೊಂಡು ಒಂಟಿಗಾಲಲ್ಲಿ ಹೊರಗೆ ಬಂದು, ಅವನನ್ನು ಕಟ್ಟೆಯ ಮೇಲೆ ಕೂರಿಸಿದಳು. ಹರಕೆ ನಡೆದು ಬಂದವರ ಕಾಲನ್ನು ಮನೆಯಲ್ಲಿ ಉಳಿದವರು ತೊಳೆಯಬೇಕು, ಆ ನೀರನ್ನು ಕಣ್ಣಿಗೆ ಒತ್ತಿಕೊಳ್ಳಬೇಕು. ಅದು ಅವರ ಮನೆಯಲ್ಲಿ ಹಿಂದಿನಿಂದ ಬಂದ ಪದ್ಧತಿ.

"ಬ್ಯಾಡ ಅಕ್ಕಾ, ನೀ ದೊಡ್ಡಾಕಿ, ನನ್ನ ಕಾಲು ಮುಟ್ಟಬಾರದು" ಎಂದು ಅವನು ಕಾಲು ಹಿಂದಕ್ಕೆ ಎಳೆದುಕೊಂಡ.

"ಸುಮ್ಮನಿರೋ. ಇವತ್ತ ನೀ ನನಗ ದೇವರು."

ಪ್ಲಾಸ್ಟರಿನ ಕಾಲನ್ನು ಚಾಚಿ ನೆಲಕ್ಕೆ ಕೂತು, ತಂಬಿಗೆಯಿಂದ ನೀರು ಹಾಕಿ ಅವನ ಬಲಗಾಲನ್ನು ಎತ್ತಿ ಹಿಡಿದಳು. ಹಿಡಿದದ್ದು ಹಿಮ್ಮಡಿ. ಅವಳ ಹೆಬ್ಬೆರಳು ಯಾರೂ ಹೇಳದೆಯೇ ಅಂಚಿನ ಸುತ್ತ ಹರಿದಾಡಿತು. ಅಲ್ಲಿ ಒಂದು ಬಿರುಕು ಇರಲಿಲ್ಲ. ಗುಳ್ಳೆ ಎದ್ದು ಒಡೆದ ಕಲೆ ಇರಲಿಲ್ಲ. ಅಂಗಾಲು ಅಂಗಡಿಯಲ್ಲಿ ಕೂತವನ ಅಂಗಾಲೇ ಆಗಿ ಮೆತ್ತಗಿತ್ತು. ನೀರು ಧೂಳನ್ನು ತೊಳೆದುಕೊಂಡು ಹೋದ ಮೇಲೆ ಪಾದದ ಮೇಲೆ ಚಪ್ಪಲಿ ಪಟ್ಟಿಯ ಬಿಳಿ ಗುರುತು ಅಡ್ಡವಾಗಿ ಕಂಡಿತು. ಇಪ್ಪತ್ತಮೂರು ದಿನ ಬರಿಗಾಲಿಗೆ ಬಿಸಿಲು ಬಿದ್ದಿದ್ದರೆ ಅದು ಯಾವತ್ತೋ ಅಳಿಸಿಹೋಗಬೇಕಿತ್ತು.

ಅವಳು ಕಾಲು ಬಿಡಲಿಲ್ಲ. ತಲೆಯನ್ನೂ ಎತ್ತಲಿಲ್ಲ. "ಯಾವುದು ಹತ್ತಿದಿ?" ಎಂದು ಕೇಳಿದಳು. "ಬಸ್ಸೋ, ರೈಲೋ?"

"ಏನಂತಿ ಅಕ್ಕಾ?"

"ಪರಮ್ಯಾ, ನಾ ನಲವತ್ತು ವರ್ಷ ಕಾಲು ನೋಡೀನಿ."

ಪರಮೇಶ ಅತ್ತ ಇತ್ತ ನೋಡಿದ. ಆಮೇಲೆ ಸಣ್ಣ ದನಿಯಲ್ಲಿ, "ವಿಮಾನ" ಎಂದ.

ಆಗ ಕಲಬುರಗಿಯಿಂದ ತಿರುಪತಿಗೆ ನೇರ ವಿಮಾನ ಇತ್ತು. ಐವತ್ತು ಮಂದಿ ಕೂಡುವ ಸಣ್ಣದು, ವಾರಕ್ಕೆ ಕೆಲವೇ ದಿನ. ಮೊದಲ ದಿನ ನಡೆದು ಆಳಂದ ಸೇರುವಷ್ಟರಲ್ಲಿ ಪರಮೇಶನ ಎಡಗಾಲಲ್ಲಿ ಎರಡು ಗುಳ್ಳೆ ಎದ್ದಿದ್ದವು. ಬಸ್ ಸ್ಟ್ಯಾಂಡಿನಲ್ಲಿ ಕೂತು ಭುವನೇಶ್ವರಿಗೆ ಫೋನು ಮಾಡಿದ. ಮಾಮಾ, ನನ್ನ ಸಲುವಾಗಿ ನಿನಗೇನಾದರೂ ಆದರೆ ಹೇಗೆ, ವಿಮಾನದಲ್ಲಿ ಹೋಗಿ ಬಾ, ಅವ್ವನಿಗೆ ಹೇಳಬೇಡ, ಹೇಳಿದರೆ ಮುರಿದ ಕಾಲಲ್ಲೇ ಎದ್ದು ನಡೆದಾಳು ಎಂದು ಅವಳೇ ಉಪಾಯ ಕೊಟ್ಟಳು. ಟಿಕೀಟು ತೆಗೆಸಿದವಳೂ ಅವಳೇ. ಪರಮೇಶ ಬಸ್ಸು ಹತ್ತಿ ಯಡ್ರಾಮಿಗೆ ಹೋಗಿ ತನ್ನ ಮನೆಯಲ್ಲೇ ಕೂತ. ಸೀಟಿ ಹೊಡೆದದ್ದು ಅವನ ಹೆಂಡತಿ ಶಿವಗಂಗಾಳ ಕುಕ್ಕರು.

"ಆದರ ದೇವರ ತನಕಾ ಹೋಗೀನಿ ಅಕ್ಕಾ, ಖರೇನ. ಗುಡ್ಡದ ಮೆಟ್ಟಿಲು ಎಲ್ಲಾ ಬರಿಗಾಲಲೇ ಹತ್ತೀನಿ." ಅವಳು ಬೈಯದ್ದನ್ನು ನೋಡಿ ಅವನಿಗೆ ಧೈರ್ಯ ಬಂತು. ಮೊಬೈಲು ತೆಗೆದು ತೋರಿಸಿದ. "ನೋಡಿಲ್ಲಿ, ರಸ್ತಾ ಸುತ್ತಾಕಿ ಹೋಗ್ತದ. ಮ್ಯಾಲಿಂದ ಹೋದರ ಆ ವಿಮಾನ ನಿಲ್ದಾಣದಿಂದ ಈ ವಿಮಾನ ನಿಲ್ದಾಣಕ್ಕ ಐದುನೂರ ಕಿಲೋಮೀಟರೂ ಆಗಂಗಿಲ್ಲ. ಏಳೆಂಟು ಕಮ್ಮೀನ ಅದ."

"ಎಷ್ಟು ಹೊತ್ತು ಹಿಡೀತು?"

"ಒಂದು ತಾಸು ಹತ್ತು ನಿಮಿಷ."

"ಹಂಗಾದರ ಇಪ್ಪತ್ತಮೂರು ದಿನ ಯಾಕ ಮನ್ಯಾಗ ಕುಂತಿ? ಮೊದಲ ವಾರದಾಗ ಹೋಗಿ ಬರಬೇಕಿಲ್ಲೇನು?"

"ನೀ ನಂಬಬೇಕಲ್ಲ ಅಕ್ಕಾ" ಎಂದ ಅವನು, ಇಷ್ಟೂ ತಿಳಿಯುವುದಿಲ್ಲವೇ ಎನ್ನುವ ಹಾಗೆ.

ಹಣಮವ್ವನ ಎದೆ ಒಡೆದದ್ದು ಆ ಮಾತಿಗೆ. ವಿಮಾನಕ್ಕೆ ಒಂದು ತಾಸು ಹತ್ತು ನಿಮಿಷ ಸಾಕಾಗಿತ್ತು, ಸುಳ್ಳಿಗೆ ಇಪ್ಪತ್ತಮೂರು ದಿನ ಬೇಕಾಗಿತ್ತು. ಅಷ್ಟೂ ದಿನ ಅವಳು ಸಂಜೆಯ ಫೋನಿಗೆ ಕಾದು ಒಂದು ರೊಟ್ಟಿ ತಿಂದಿದ್ದಳು. ಅದು ಮಗಳಿಗೆ ಗೊತ್ತಿತ್ತು. ತಮ್ಮನಿಗೆ ಗೊತ್ತಿತ್ತು. ಅಲ್ಲಿ ಕುಕ್ಕರಿನ ಅನ್ನ ಉಣ್ಣುವವರಿಗೆಲ್ಲ ಗೊತ್ತಿತ್ತು. ಒಬ್ಬರಾದರೂ, ಸಾಕು ಬಿಡು ಅವ್ವಾ, ಉಣ್ಣು, ಅವನು ನಡೆಯುತ್ತಿಲ್ಲ ಎಂದು ಹೇಳಲಿಲ್ಲ.

ಅವಳು ಅವನ ಎಡಗಾಲನ್ನು ತೊಳೆಯಲಿಲ್ಲ. ನೀರನ್ನು ಕಣ್ಣಿಗೆ ಒತ್ತಿಕೊಳ್ಳಲಿಲ್ಲ. ಪರಮೇಶ ಅವಳ ಮಡಿಲಿಗೆ ತಲೆ ಇಟ್ಟು ಬಿಕ್ಕಿದ, ತಪ್ಪಾಯಿತು ಎಂದ, ಅದನ್ನೂ ಸುಮ್ಮನೆ ನೋಡಿದಳು. ಮಗಳಿಗೆ ಫೋನು ಮಾಡಿ ಒಂದು ಮಾತೂ ಬೈಯಲಿಲ್ಲ. ಎಂಟು ತಿಂಗಳ ಬಸುರಿಯನ್ನು ಯಾವ ತಾಯಿ ಅಳಿಸುತ್ತಾಳೆ? "ಪ್ರಸಾದ ಬಂತು, ನೀ ಆರಾಮ ಇರು" ಎಂದಷ್ಟೇ ಹೇಳಿ ಇಟ್ಟಳು. ಒಪ್ಪತ್ತನ್ನು ಮಾತ್ರ ಬಿಡಲಿಲ್ಲ. ಹರಕೆ ತೀರಿಲ್ಲ, ಕೂಸು ಇನ್ನೂ ಹೊಟ್ಟೆಯಲ್ಲಿದೆ. ಉಳಿದವರೆಲ್ಲ ಕೆಲಸ ಮುಗಿಯಿತೆಂದು ಹಾಯಾಗಿ ಮಲಗಿದರು. ಭಯವನ್ನು ಅವಳೊಬ್ಬಳ ತಲೆಗೆ ಕಟ್ಟಿದರು. ಪ್ಲಾಸ್ಟರ್ ಬಿಚ್ಚಿದ ಮೇಲೂ, ಮಗಳು ಹೆರಿಗೆಗೆಂದು ತವರಿಗೆ ಬಂದ ಮೇಲೂ, ಅಡುಗೆಮನೆಯಲ್ಲಿ ಉಂಡ ಹಾಗೆ ಮಾಡಿ ಒಂದೇ ಹೊತ್ತು ತಿಂದಳು.

ಮಾರ್ಚಿನಲ್ಲಿ ಕೂಸು ಹುಟ್ಟಿತು. ಹೆಣ್ಣು, ಮೂರು ಕಿಲೋ, ಗಟ್ಟಿಮುಟ್ಟು. ಆವತ್ತು ಹಣಮವ್ವ ಎರಡು ಹೊತ್ತು ಉಂಡಳು. ಮನಸ್ಸಿನಲ್ಲಿ ತಮ್ಮನನ್ನೂ ಮಗಳನ್ನೂ ಕ್ಷಮಿಸಿಯೂ ಬಿಡುತ್ತಿದ್ದಳೋ ಏನೋ. ತೊಟ್ಟಿಲು ಹಾಕುವ ದಿನ ಪರಮೇಶ ಬಾಯಿ ಮುಚ್ಚಿಕೊಂಡಿದ್ದರೆ.

ಅಂಗಳದಲ್ಲಿ ಎರಡೂ ಕಡೆಯ ಬೀಗರು ಊಟಕ್ಕೆ ಕೂತಿದ್ದರು. ಯಾರೋ ತಿರುಪತಿಯ ಮಾತು ತೆಗೆದರು. ಅಷ್ಟರೊಳಗೆ ನಾಚಿಕೆ ಎಲ್ಲಿ ಬಿಟ್ಟುಬಂದಿದ್ದನೋ, ಪರಮೇಶ ಕೈಯಲ್ಲಿ ಹೋಳಿಗೆ ಹಿಡಿದುಕೊಂಡು ಆ ಕತೆಯನ್ನೆಲ್ಲ ಹೇಳತೊಡಗಿದ. ಆಳಂದದ ಗುಳ್ಳೆ, ಯಡ್ರಾಮಿಯ ಮಂಚ, ಮೊಬೈಲಿನಲ್ಲಿ ಊರಿನ ಹೆಸರು ಹುಡುಕಿ ಹುಡುಕಿ ಹೇಳಿದ್ದು. "ಕೃಷ್ಣಾದಾಗ ನೀರು ಎಷ್ಟದಾವ ಅಂತ ಕೇಳಿದಳ್ರಿ ಅಕ್ಕ! ನನಗೇನು ಗೊತ್ತು? ಭಾಳ ಅದಾವ ಅಂದೆ!" ಅಂಗಳಕ್ಕೆ ಅಂಗಳವೇ ನಕ್ಕಿತು. ಅಳಿಯ ನಕ್ಕ. ತೊಟ್ಟಿಲ ಪಕ್ಕ ಕೂತಿದ್ದ ಭುವನೇಶ್ವರಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಬೀಗರಲ್ಲಿ ಒಬ್ಬಳು, "ಹಂಗಾದರ ಕೂಸಿಗಿ ವಿಮಾನವ್ವ ಅಂತ ಹೆಸರಿಡ್ರಿ" ಎಂದಳು. ಮತ್ತೊಮ್ಮೆ ನಗು.

ಬಡಿಸುತ್ತಿದ್ದ ಹಣಮವ್ವ ತುಪ್ಪದ ಗಿಂಡಿ ಹಿಡಿದುಕೊಂಡು ಸಾಲಿನ ಕೊನೆಯ ತನಕ ಹೋದಳು. ಯಾರ ಎಲೆಯನ್ನೂ ಬಿಡಲಿಲ್ಲ. ಪರಮೇಶನ ಎಲೆಗೂ ಹಾಕಿದಳು.

ಆಮೇಲೆ ಊರವರು ನೋಡಿದ್ದು ಇಷ್ಟು. ಮಳೆಗಾಲ ಪೂರ್ತಿ ಅವಳು ಚಪ್ಪಲಿ ಇಲ್ಲದೆ ಕುರಿಗಳ ಹಿಂದೆ ಹೋದಳು. ಮೊದಲು ಕುಂಟುತ್ತಾ, ಆಮೇಲೆ ಸ್ವಲ್ಪ ಕುಂಟುತ್ತಾ. ದೀಪಾವಳಿಯ ಹೊತ್ತಿಗೆ ಭುವನೇಶ್ವರಿ ಫೋನು ಮಾಡಿ, ಕೂಸಿನ ಜಾವಳ ತೆಗೆಸಲು ಜನವರಿ ಕೊನೆಗೆ ಎಲ್ಲರೂ ತಿರುಪತಿಗೆ ಹೊರಟಿದ್ದೇವೆ ಎಂದಳು. "ನಿನಗೂ ಟಿಕೀಟು ತೆಗಿಸೀವಿ ಅವ್ವಾ. ನೀ ವಿಮಾನ ನೋಡೇ ಇಲ್ಲ."

"ತಾರೀಖು ಹೇಳು" ಎಂದಳು ಹಣಮವ್ವ. "ನಾ ಅಲ್ಲೇ ಸಿಗ್ತೇನಿ."

ಮಗಳಿಗೆ ಅರ್ಥವಾಗಲಿಲ್ಲ. ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ಕುರಿಗಳನ್ನು ಪಕ್ಕದ ಮನೆಯ ಜಗದೇವನಿಗೆ ಒಪ್ಪಿಸಿ, ಫೋನನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಅದೇ ಕಂಬಳಿ ಹೊದ್ದು ಅವಳು ಹೊಸ್ತಿಲು ದಾಟಿದಾಗ ಅರ್ಥವಾಯಿತು. ಆಗ ಫೋನು ಮಾಡೋಣವೆಂದರೆ ಅವಳ ಹತ್ತಿರ ಫೋನಿರಲಿಲ್ಲ. ಪರಮೇಶ ಮೋಟರ್‌ಸೈಕಲ್ ಹಾಕಿಕೊಂಡು ಯಾದಗಿರಿಯ ತನಕ ರಸ್ತೆಯಲ್ಲಿ ಹುಡುಕಿದ. ರಸ್ತೆಯಲ್ಲಿದ್ದರೆ ತಾನೇ ಸಿಗುವುದು? ಕುರಿಯವರ ಹಾದಿ ಹೊಲದ ನಡುವೆ ಹೋಗುತ್ತದೆ.

ಒಂದು ದಿನ ಮೂವತ್ತು ಕಿಲೋಮೀಟರ್ ಹೋದಳು, ಮರುದಿನ ಕಾಲು ಊದಿಕೊಂಡು ಒಂದು ಹನುಮಂತ ದೇವರ ಗುಡಿಯಲ್ಲಿ ಬಿದ್ದುಕೊಂಡಳು. ಯಾದಗಿರಿಯ ಆಚೆ ಒಂದು ಕಪ್ಪು ನಾಯಿ ಎರಡು ದಿನ ಜೊತೆಗೆ ಬಂತು. ಕೃಷ್ಣೆಯ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿದಾಗ ಉದ್ದಕ್ಕೂ ಬಂಡೆ, ಮರಳು, ನಡುವೆ ಸಣ್ಣಗೆ ನೀರು. "ಭಾಳ ಅದಾವ" ಎಂದು ತನಗೆ ತಾನೇ ಹೇಳಿಕೊಂಡಳು. ಆ ಸೇತುವೆಯ ಮೇಲೆ, ಲಾರಿಗಳು ಹಾರ್ನ್ ಹೊಡೆಯುತ್ತಿರುವಾಗ, ಅವಳು ಗಟ್ಟಿಯಾಗಿ ಅತ್ತಳು. ಆಚೆಗೆ ತೆಲುಗು ಬಾರದೆ ಕೈಸನ್ನೆಯಲ್ಲೇ ನೀರು ಕೇಳಿದಳು, ಜನ ಕೊಟ್ಟರು. ಎಷ್ಟು ಕಿಲೋಮೀಟರ್ ಎಂದು ಯಾರನ್ನೂ ಕೇಳಲಿಲ್ಲ. ಮೂವತ್ತೇಳನೇ ದಿನ ತಿರುಪತಿಯ ಗುಡ್ಡ ಕಂಡಿತು.

ಹೇಳಿದ ತಾರೀಖಿಗೆ, ವಿಮಾನ ನಿಲ್ದಾಣದಿಂದ ಬಾಡಿಗೆ ಕಾರು ಮಾಡಿಕೊಂಡು ಅವರೆಲ್ಲ ಮೆಟ್ಟಿಲ ದಾರಿ ಶುರುವಾಗುವ ಅಲಿಪಿರಿಗೆ ಬಂದಾಗ, ಹಣಮವ್ವ ಒಂದು ಮರದ ನೆರಳಿನಲ್ಲಿ ಕಾಲು ಚಾಚಿ ಕೂತಿದ್ದಳು. ಅರ್ಧಕ್ಕರ್ಧ ಬಡವಾಗಿದ್ದಳು. ಭುವನೇಶ್ವರಿ ಕೂಸನ್ನು ಎತ್ತಿಕೊಂಡು ಓಡಿಬಂದವಳು ಎರಡು ಮಾರು ದೂರದಲ್ಲೇ ನಿಂತಳು. ಅವ್ವನ ಅಂಗಾಲುಗಳು ಎದುರಿಗೇ ಇದ್ದವು. ಹಿಮ್ಮಡಿಯ ಬಿರುಕುಗಳಲ್ಲಿ ರಕ್ತ ಒಣಗಿ ಕಪ್ಪಾಗಿತ್ತು. ಎರಡು ಬೆರಳುಗಳ ಉಗುರೇ ಇರಲಿಲ್ಲ. ಮುರಿದಿದ್ದ ಗಿಣ್ಣು ಊದಿ ದುಂಡಗಾಗಿತ್ತು.

"ಎಷ್ಟು ಹೊತ್ತಾತು ಬರಾಕ?" ಎಂದು ಹಣಮವ್ವ ಕೇಳಿದಳು.

"ಒಂದು ತಾಸು ಹತ್ತು ನಿಮಿಷ ಅವ್ವಾ."

"ಛಲೋ ಆತು. ಕೂಸಿಗಿ ತ್ರಾಸ ಆಗಲಿಲ್ಲ."

ಅಷ್ಟರಲ್ಲಿ ಪರಮೇಶ ಎಲ್ಲಿಂದಲೋ ಒಂದು ಚೆಂಬು ನೀರು ಹಿಡಿದುಕೊಂಡು ಬಂದ. ಯಾರ ಕಡೆಯೂ ನೋಡದೆ ಅಕ್ಕನ ಮುಂದೆ ಮಂಡಿಯೂರಿ ಕೂತ. ಅವನ ಕೈ ಹಿಮ್ಮಡಿಯ ಹತ್ತಿರ ಬಂದಾಗ ಹಣಮವ್ವ ಎರಡೂ ಪಾದಗಳನ್ನು ಎಳೆದು ಸೀರೆಯೊಳಗೆ ಮುಚ್ಚಿಕೊಂಡಳು.

"ಬ್ಯಾಡ ತಮ್ಮಾ" ಎಂದಳು. "ಕಾಲು ನೋಡಾಕ ನಿನಗ ಬರಂಗಿಲ್ಲ."

ಅವಳು ಮರ ಹಿಡಿದುಕೊಂಡು ಎದ್ದಳು. ಮಗಳ ಕೈಯಿಂದ ಕೂಸನ್ನು ತೆಗೆದುಕೊಂಡು, ವಾಲಿದ ಎಡ ಸೊಂಟದ ಮೇಲೆ ಕೂರಿಸಿಕೊಂಡು, ಮೆಟ್ಟಿಲುಗಳ ಕಡೆಗೆ ಹೊರಟಳು.